ಸರ್ಪಸುತ್ತು, ನಾಗೀಣ, ಹರ್ಪಿಸ್: ಮುಂಬಯಿ ವಾಚನಾಲಯದ ಕೌಂಟರಿನಲ್ಲಿ ಒಂದು ಕಾಯಿಲೆಗೆ ನಾಲ್ಕು ಹೆಸರು

ಸೊಂಟದ ಒಂದು ಬದಿಗೆ ಉರಿ. ಎರಡು ದಿನ ಬಿಟ್ಟು ಅದೇ ಜಾಗದಲ್ಲಿ ಸಾಲಾಗಿ ನೀರುಗುಳ್ಳೆ. ಊರ ಮನೆಯಲ್ಲಿ ಇದಕ್ಕೆ ಸರ್ಪಸುತ್ತು ಎನ್ನುತ್ತಾರೆ. ಚಾಳಿನಲ್ಲಿ ಪಕ್ಕದ ಖೋಲಿಯ ಮರಾಠಿ ಅಜ್ಜಿ ನೋಡಿದರೆ ನಾಗೀಣ ಎನ್ನುತ್ತಾರೆ. ಪಾಲಿಕೆಯ ದವಾಖಾನೆಯ ಡಾಕ್ಟರು ಚೀಟಿಯಲ್ಲಿ ಹರ್ಪಿಸ್ ಜೋಸ್ಟರ್ ಎಂದು ಬರೆಯುತ್ತಾರೆ. ಸಾಮಾನ್ಯ ಓದುಗರಿಗಾಗಿ ಇರುವ ಇಂಗ್ಲಿಷ್ ಪುಟಗಳಲ್ಲಿ ಅದರ ಹೆಸರು ಶಿಂಗಲ್ಸ್. ನಾಲ್ಕೂ ಒಂದೇ ಕಾಯಿಲೆ. ಆದರೆ ಮೊಬೈಲಿನಲ್ಲಿ ಯಾವ ಹೆಸರು ಹೊಡೆದಿರೋ ಅದಕ್ಕೆ ತಕ್ಕ ಉತ್ತರ ಬರುತ್ತದೆ, ಆ ಉತ್ತರಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ.

ಸರ್ಪಸುತ್ತು ಎಂದು ಕನ್ನಡದಲ್ಲಿ ಹುಡುಕಿದರೆ ನಾಗದೋಷ, ಶಾಂತಿ, ಕೆಮ್ಮಣ್ಣಿನ ಲೇಪ, ಗುಳ್ಳೆಯ ತಲೆ ಬಾಲ ಕೂಡಿದರೆ ಜೀವಕ್ಕೆ ಅಪಾಯ ಎಂಬ ಹೆದರಿಕೆ, ಇವು ಮುಂದೆ ಬರುತ್ತವೆ. ಹರ್ಪಿಸ್ ಎಂದಷ್ಟೇ ಹುಡುಕಿದರೆ ಇನ್ನೊಂದು ಅವಾಂತರ: ಲೈಂಗಿಕ ಸಂಪರ್ಕದಿಂದ ಹರಡುವ, ಬೇರೆಯೇ ವೈರಸ್ಸಿನಿಂದ ಬರುವ ಜನನಾಂಗದ ಹರ್ಪಿಸ್ ಎದುರಿಗೆ ಬಂದು ನಿಲ್ಲುತ್ತದೆ. ಅರವತ್ತು ದಾಟಿದ ಹೆಂಗಸಿನ ಚೀಟಿಯಲ್ಲಿ ಆ ಪದ ಕಂಡ ಮನೆಯವರು ನಾಚಿಕೆಯಿಂದ ಮಾತೇ ನಿಲ್ಲಿಸಿಬಿಡಬಹುದು. ಹರ್ಪಿಸ್ ಜೋಸ್ಟರ್ ಎಂದು ಎರಡೂ ಪದ ಸೇರಿಸಿ ಹೊಡೆದಾಗ ಮಾತ್ರ ವಿಷಯ ತಿಳಿಯಾಗುತ್ತದೆ. ಚಿಕ್ಕಂದಿನಲ್ಲಿ ಬಂದು ಹೋದ ಸೀತಾಳೆಯ (ಚಿಕನ್ ಪಾಕ್ಸ್) ವೈರಸ್ ನರದ ಬುಡದಲ್ಲಿ ಅಡಗಿದ್ದು, ವಯಸ್ಸಾದಾಗ ಅಥವಾ ಮೈಯ ರೋಗನಿರೋಧಕ ಬಲ ಕುಗ್ಗಿದಾಗ ಮತ್ತೆ ಎದ್ದು, ಒಂದು ನರದ ದಾರಿ ಹಿಡಿದು ಮೈಯ ಒಂದೇ ಪಕ್ಕದಲ್ಲಿ ಹಬ್ಬುತ್ತದೆ. ಸಾಮಾನ್ಯವಾಗಿ ಅದು ಮೈಯ ನಡುಗೆರೆಯನ್ನು ದಾಟುವುದೇ ಇಲ್ಲ. ಸುತ್ತು ಹಾಕಿ ಕೊಲ್ಲುತ್ತದೆ ಎಂಬ ಮಾತು ಆ ಕಾಯಿಲೆಯ ನಡೆಗೇ ಹೊಂದುವುದಿಲ್ಲ.

ಇಲ್ಲಿ ಹೆಸರಿನ ಗೊಂದಲ ಬರೀ ಪದದ ವಿಚಾರವಲ್ಲ, ಗಡಿಯಾರದ ವಿಚಾರ. ವೈರಸ್ ನಿರೋಧಕ ಮಾತ್ರೆ ಗುಳ್ಳೆ ಕಂಡ 72 ಗಂಟೆಯೊಳಗೆ ಶುರುವಾದರೆ ಚೆನ್ನಾಗಿ ಕೆಲಸ ಮಾಡುತ್ತದೆ. ಶುಕ್ರವಾರ ಸಂಜೆ ಗುಳ್ಳೆ ಕಂಡು, ಶನಿವಾರ ಭಾನುವಾರ ಫೋನಿನಲ್ಲಿ ತಡಕಾಡಿ, ಸೋಮವಾರ ಊರಿಂದ ಲೇಪ ತರಿಸಿಕೊಂಡರೆ ಆ ಅವಧಿ ಮುಗಿದೇ ಹೋಯಿತು. ಗುಳ್ಳೆ ಹಣೆಯ ಮೇಲೋ ಮೂಗಿನ ತುದಿಯಲ್ಲೋ ಎದ್ದಿದ್ದರೆ ಕಣ್ಣಿಗೆ ಅಪಾಯ, ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಆನ್‌ಲೈನ್ ಆರೋಗ್ಯ ಮಾಹಿತಿಯ ಬಗ್ಗೆ ಸಿಗುವ ಸಲಹೆಗಳೆಲ್ಲ ನಂಬಬಹುದಾದ ತಾಣವನ್ನೇ ನೋಡಿ ಎಂಬಲ್ಲಿಂದ ಶುರುವಾಗುತ್ತವೆ. ಮುಂಬಯಿಯ ಕನ್ನಡಿಗರ ಮಟ್ಟಿಗೆ ತೊಡಕು ಅದಕ್ಕೂ ಒಂದು ಮೆಟ್ಟಿಲು ಕೆಳಗಿದೆ. ಮನೆಯಲ್ಲಿ ಕನ್ನಡ ಅಥವಾ ತುಳು, ಓಣಿಯಲ್ಲಿ ಮರಾಠಿ, ವಾರ್ಡಿನಲ್ಲಿ ಹಿಂದಿ, ಚೀಟಿಯಲ್ಲಿ ಇಂಗ್ಲಿಷ್. ಕಾಯಿಲೆಯ ಹೆಸರು ಈ ನಾಲ್ಕು ಬಾಗಿಲು ದಾಟಿ ಬರುವಷ್ಟರಲ್ಲಿ ಬದಲಾಗಿರುತ್ತದೆ. ಮಾಟುಂಗಾದಿಂದ ಡೊಂಬಿವಲಿಯವರೆಗೆ ಕನ್ನಡ ಸಂಘಗಳ ಆಸರೆಯಲ್ಲಿ ನಡೆಯುವ ವಾಚನಾಲಯಗಳು ಈ ವಿಷಯದಲ್ಲಿ ಮಾಡಬಹುದಾದ ಮೊದಲ ಉಪಕಾರ ತಾಣಗಳ ಪಟ್ಟಿ ಅಂಟಿಸುವುದಲ್ಲ, ಸರಿಯಾದ ಹೆಸರು ಹುಡುಕಿ ಕೊಡುವುದು.

ಕೌಂಟರಿನ ಮಾತು

ಓದುಗರು ಕೇಳುವ ಮೊದಲ ಪ್ರಶ್ನೆ ಸಾಮಾನ್ಯವಾಗಿ ಅವರಿಗೆ ಬೇಕಾದ ಪ್ರಶ್ನೆಯಾಗಿರುವುದಿಲ್ಲ. ಕಾಮಾಲೆಗೆ ಮದ್ದು ಏನು ಅಂತ ನೋಡಿ ಕೊಡಿ ಎಂದು ಬಂದವರ ಜೊತೆ ಮಾತು ಹೀಗೆ ಸಾಗಬೇಕು:

“ಅಕ್ಕಾ, ಡಾಕ್ಟರು ಯಾವ ಹೆಸರು ಹೇಳಿದ್ರು, ನೆನಪಿದೆಯಾ? ಚೀಟಿ ಇದ್ರೆ ತೋರಿಸಿ.”

“ಕಾಮಾಲೆ ಅಂದ್ರು. ಚೀಟಿ ಮನೇಲಿದೆ.”

“ಅದು ಯಾವುದರಿಂದ ಬಂದದ್ದು ಅಂತ ಹೇಳಿದ್ರಾ? ರಕ್ತ ಪರೀಕ್ಷೆಯ ಕಾಗದ ಬಂದಿದೆಯಾ?”

ಈ ಎರಡನೇ ಪ್ರಶ್ನೆಯಲ್ಲೇ ಕೆಲಸವಿರುವುದು. ಕಾಮಾಲೆ ಕಾಯಿಲೆಯ ಹೆಸರಲ್ಲ, ಒಂದು ಕುರುಹು. ಕಲುಷಿತ ನೀರಿನಿಂದ ಬರುವ ಹೆಪಟೈಟಿಸ್ ಎ ಮತ್ತು ಇ, ರಕ್ತದ ಮೂಲಕ ಬರುವ ಬಿ ಮತ್ತು ಸಿ, ಪಿತ್ತನಾಳಕ್ಕೆ ಅಡ್ಡ ಕುಳಿತ ಕಲ್ಲು, ಗಡ್ಡೆ, ಮದ್ಯ, ಕೆಲವು ಮಾತ್ರೆಗಳ ಅಡ್ಡ ಪರಿಣಾಮ, ಎಲ್ಲದರಲ್ಲೂ ಕಣ್ಣು ಹಳದಿಯಾಗುತ್ತದೆ. ಕಲಬುರಗಿ, ವಿಜಯಪುರದ ಕಡೆಯವರು ಇದನ್ನೇ ಕಾಮಣಿ ಎನ್ನುತ್ತಾರೆ, ಮರಾಠಿಯಲ್ಲಿ ಕಾವೀಳ. ಯಾವ ಹೆಸರಿನಲ್ಲಿ ಹುಡುಕಿದರೂ ಕಾರಣ ಗೊತ್ತಾಗದೆ ಸಿಗುವ ಮಾಹಿತಿ ಗುರಿಯಿಲ್ಲದ ಬಾಣ. ರಕ್ತ ಪರೀಕ್ಷೆಯ ಕಾಗದದಲ್ಲಿ ಎಚ್‌ಎವಿ, ಎಚ್‌ಇವಿ, ಎಚ್‌ಬಿಎಸ್‌ಎಜಿ (ಕ್ರಮವಾಗಿ ಹೆಪಟೈಟಿಸ್ ಎ, ಇ, ಬಿ) ಎಂಬ ಸಾಲುಗಳಲ್ಲಿ ಯಾವುದರ ಎದುರು ಪಾಸಿಟಿವ್ ಇದೆಯೆಂದು ಡಾಕ್ಟರು ಗುರುತಿಸಿರುತ್ತಾರೆ. ಆ ಒಂದು ಪದ ಸಿಕ್ಕರೆ ಹುಡುಕಾಟ ಅರ್ಧ ಮುಗಿದಂತೆ.

ಹಳೆಯ ಹೆಸರುಗಳಲ್ಲಿ ಇಂಥ ಸುಳಿಗಳು ಬೇಕಷ್ಟಿವೆ. ಸಿಡುಬು ಎಂದು ಹೇಳುವವರು ಹೆಚ್ಚಾಗಿ ಸೀತಾಳೆಯ ಬಗ್ಗೆ ಕೇಳುತ್ತಿರುತ್ತಾರೆ. ನಿಜವಾದ ಸಿಡುಬು ಭೂಮಿಯಿಂದಲೇ ಹೋಯಿತೆಂದು ವಿಶ್ವ ಆರೋಗ್ಯ ಸಂಸ್ಥೆ 1980ರಲ್ಲೇ ಘೋಷಿಸಿದೆ. ಲಕ್ವ ಹೊಡೆದಿದೆ ಎಂಬ ಮಾತು ಮಿದುಳಿನ ಸ್ಟ್ರೋಕಿಗೂ, ಮುಖದ ನರ ಮಾತ್ರ ಸೋತ ಬೆಲ್ಸ್ ಪಾಲ್ಸಿಗೂ ಸಲ್ಲುತ್ತದೆ. ಮೊದಲನೆಯದರಲ್ಲಿ ರಕ್ತದ ಗಂಟು ಕರಗಿಸುವ ಚುಚ್ಚುಮದ್ದಿಗೆ ಇರುವುದು ನಾಲ್ಕೂವರೆ ಗಂಟೆ. ಬಾಯಿ ಸೊಟ್ಟಗಾಗಿ, ಕೈಯೂ ಸೋತು, ಮಾತು ತೊದಲುತ್ತಿದೆ, ಈಗಷ್ಟೇ ಆಯಿತು ಎಂದು ಯಾರಾದರೂ ಬಂದರೆ ಹುಡುಕಾಟವೇ ಬೇಡ, 108ಕ್ಕೆ ಫೋನ್ ಮಾಡಬೇಕು. ಎದೆನೋವು, ಉಸಿರಾಟದ ತೊಂದರೆ, ವಿಷ ಸೇವನೆಗೂ ಇದೇ ಮಾತು. ಮನಸ್ಸಿನ ತಳಮಳಕ್ಕೆ ಕನ್ನಡದಲ್ಲೂ ಮಾತಾಡಬಹುದಾದ ಟೆಲಿ ಮಾನಸ್ ಇದೆ, 14416. ಎಚ್‌ಐವಿ ಪ್ರಶ್ನೆಗಳಿಗೆ 1097. ಈ ಮೂರು ನಂಬರು ಕೌಂಟರಿನ ಗಾಜಿನ ಕೆಳಗೆ, ಓದುಗರ ಕಡೆಗೆ ಮುಖ ಮಾಡಿ ಇರಲಿ.

ಕೇಳಬಾರದ ಪ್ರಶ್ನೆಯೂ ಒಂದಿದೆ: ಯಾರಿಗೆ ಕಾಯಿಲೆ? ಸಂಘದ ವಾಚನಾಲಯಕ್ಕೆ ಬರುವವರು ಒಂದೇ ಜಿಲ್ಲೆಯವರು, ಎಷ್ಟೋ ಸಲ ಒಂದೇ ಊರಿನವರು. ಟಿಬಿ, ಬಂಜೆತನ, ಎಚ್‌ಐವಿ, ಮನೋರೋಗ ಎಂಬ ಮಾತು ಇಲ್ಲಿ ಬಿದ್ದರೆ ಸಂಜೆಗೆ ಉಡುಪಿಗೆ ಮುಟ್ಟುತ್ತದೆ. ಅದರ ಬದಲು ವಯಸ್ಸೆಷ್ಟು, ಬಸುರಿಯೇ ಅಥವಾ ಹಾಲುಣಿಸುವವರೇ, ಬೇರೆ ಯಾವ ಮಾತ್ರೆ ನಡೆಯುತ್ತಿದೆ ಎಂದು ಕೇಳಿದರೆ ಸಾಕು. ಉತ್ತರ ಬದಲಾಗುವುದು ಈ ಮೂರರಿಂದ, ಹೆಸರಿನಿಂದಲ್ಲ. ಕಂಪ್ಯೂಟರಿನಲ್ಲಿ ಗೆಸ್ಟ್ ಕಿಟಕಿ ತೆರೆದೇ ಹುಡುಕಿ, ಮುಗಿದ ಮೇಲೆ ಮುಚ್ಚಿ. ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಹಾಳೆ ಅಲ್ಲೇ ಉಳಿಯದಂತೆ ನೋಡಿಕೊಳ್ಳಿ. ಓದುಗರ ರಿಪೋರ್ಟಿನ ಫೋಟೋ ಸಿಬ್ಬಂದಿಯ ಸ್ವಂತ ಫೋನಿಗೆ ಬರಲೇಬಾರದು.

ಚೀಟಿ ಮತ್ತು ಪಟ್ಟಿ

ಡಾಕ್ಟರ ಚೀಟಿಯ ತಲೆಭಾಗದಲ್ಲಿ ಅವರ ಹೆಸರು, ಪದವಿ, ನೋಂದಣಿ ಸಂಖ್ಯೆ ಇರಬೇಕು. ಆ ಸಂಖ್ಯೆಯನ್ನು ಮಹಾರಾಷ್ಟ್ರ ವೈದ್ಯಕೀಯ ಪರಿಷತ್ತಿನ ತಾಣದಲ್ಲಿ ಅಥವಾ ರಾಷ್ಟ್ರೀಯ ವೈದ್ಯಕೀಯ ಆಯೋಗದ ಭಾರತೀಯ ವೈದ್ಯಕೀಯ ನೋಂದಣಿಯಲ್ಲಿ ಹಾಕಿ ನೋಡಬಹುದು. ಹೆಸರಿನಿಂದ ಹುಡುಕಿದರೆ ಇಂಗ್ಲಿಷ್ ಕಾಗುಣಿತದ ವ್ಯತ್ಯಾಸದಿಂದ ಸಿಗದೆ ಹೋಗುವುದುಂಟು, ಸಂಖ್ಯೆಯಿಂದ ಹುಡುಕುವುದೇ ಸರಿ. ಬೆಂಗಳೂರಲ್ಲಿ ಓದಿ ಇಲ್ಲಿಗೆ ಬಂದವರ ಮೂಲ ನೋಂದಣಿ ಕರ್ನಾಟಕದಲ್ಲಿರಬಹುದು. ಆಯುರ್ವೇದ, ಹೋಮಿಯೋಪತಿ ವೈದ್ಯರ ಪಟ್ಟಿಗಳೇ ಬೇರೆ. ಒಂದು ಪಟ್ಟಿಯಲ್ಲಿ ಸಿಗಲಿಲ್ಲವೆಂದು ನಕಲಿ ಡಾಕ್ಟರ್ ಎಂದು ಕೌಂಟರಿನಲ್ಲಿ ಕೂತು ತೀರ್ಪು ಕೊಡಬಾರದು.

ಔಷಧದ ಬಗ್ಗೆ ಹುಡುಕಲು ಚೀಟಿಗಿಂತ ಮಾತ್ರೆಯ ಪಟ್ಟಿ (ಸ್ಟ್ರಿಪ್) ಮೇಲು. 2018ರಿಂದ ಪಟ್ಟಿಯ ಮೇಲೆ ಔಷಧದ ಮೂಲ (ಜೆನೆರಿಕ್) ಹೆಸರನ್ನು ಬ್ರ್ಯಾಂಡ್ ಹೆಸರಿಗಿಂತ ಕನಿಷ್ಠ ಎರಡು ಅಳತೆ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಬೇಕೆಂಬ ನಿಯಮವಿದೆ. ಹೆಚ್ಚು ಮಾರಾಟವಾಗುವ 300 ಬ್ರ್ಯಾಂಡ್‌ಗಳ ಮೇಲೆ 2023ರ ಆಗಸ್ಟ್‌ನಿಂದ ಕ್ಯೂಆರ್ ಕೋಡ್ ಕಡ್ಡಾಯ. ಫೋನ್ ಹಿಡಿದರೆ ಮೂಲ ಹೆಸರು, ಬ್ರ್ಯಾಂಡ್, ತಯಾರಕರ ವಿಳಾಸ, ಬ್ಯಾಚ್ ಸಂಖ್ಯೆ, ತಯಾರಾದ ಮತ್ತು ಮುಗಿಯುವ ದಿನಾಂಕ, ಪರವಾನಗಿ ಸಂಖ್ಯೆ ಬರುತ್ತವೆ. ಪಟ್ಟಿಯ ಎಡ ಅಂಚಿನ ಕೆಂಪು ಗೆರೆ ಚೀಟಿಯಿಲ್ಲದೆ ಕೊಳ್ಳಬಾರದ ಔಷಧದ ಗುರುತು. ಹುಡುಕಬೇಕಾದದ್ದು ಮೂಲ ಹೆಸರನ್ನು. ಬ್ರ್ಯಾಂಡ್ ಹೆಸರಿನಿಂದ ಹುಡುಕಿದರೆ ಮೇಲೆ ಬರುವುದು ಮಾರುವ ಅಂಗಡಿಗಳೇ. ಸಕ್ಕರೆ ಕಾಯಿಲೆಯ ಒಂದೇ ಮಾತ್ರೆಯಲ್ಲಿ ಎರಡು ಮೂರು ಔಷಧ ಸೇರಿರುವುದು ನಮ್ಮಲ್ಲಿ ಸಾಮಾನ್ಯ. ಹಾಗಿದ್ದರೆ ಒಂದೊಂದನ್ನೂ ಬೇರೆಬೇರೆಯಾಗಿ ನೋಡಬೇಕು.

ಅಮೆರಿಕದ ತಾಣಕ್ಕೆ ಹೋದಾಗ ಇನ್ನೊಂದು ಎಡವಟ್ಟು ಕಾದಿರುತ್ತದೆ. ನಮ್ಮ ಪ್ಯಾರಾಸಿಟಮಾಲ್ ಅಲ್ಲಿ ಅಸಿಟಮಿನೊಫೆನ್. ಉಬ್ಬಸದ ಸಾಲ್ಬುಟಮಾಲ್ ಅಲ್ಲಿ ಆಲ್ಬುಟೆರಾಲ್, ಸಕ್ಕರೆ ಕಾಯಿಲೆಯ ಗ್ಲಿಬೆನ್‌ಕ್ಲಮೈಡ್ ಅಲ್ಲಿ ಗ್ಲೈಬುರೈಡ್. ಇದು ಗೊತ್ತಿಲ್ಲದ ಓದುಗರು ಅಸಿಟಮಿನೊಫೆನ್ ಹೆಚ್ಚಾದರೆ ಪಿತ್ತಜನಕಾಂಗಕ್ಕೆ ಹಾನಿ ಎಂಬ ಎಚ್ಚರಿಕೆ ಓದಿ, ಅದು ಬೇರೆ ಯಾವುದೋ ಔಷಧ ಎಂದುಕೊಂಡು, ನೆಗಡಿಯ ಮಾತ್ರೆಯಲ್ಲೂ ಇರುವ ಪ್ಯಾರಾಸಿಟಮಾಲನ್ನು ಜ್ವರದ ಮಾತ್ರೆಯ ಮೇಲೆ ನುಂಗುವ ಸಂಭವವಿದೆ.

ಅಂಕಿಗಳ ಕತೆ ಇನ್ನೂ ನಾಜೂಕು. ಮುಂಬಯಿಯ ಲ್ಯಾಬ್ ರಕ್ತದ ಸಕ್ಕರೆಯನ್ನು ಡೆಸಿಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ ಕೊಡುತ್ತದೆ, ಬ್ರಿಟನ್ನಿನ ತಾಣ ಲೀಟರಿಗೆ ಮಿಲಿಮೋಲ್ ಲೆಕ್ಕದಲ್ಲಿ. ಸಕ್ಕರೆ ಕಾಯಿಲೆ ಇರುವವರಿಗೆ ಊಟಕ್ಕೆ ಮುಂಚೆ 4ರಿಂದ 7 ಇರಬೇಕು ಎಂದು ಅಲ್ಲಿ ಓದಿದವರ ಕೈಯಲ್ಲಿ 118 ಎಂದಿರುವ ಕಾಗದವಿದ್ದರೆ ಎದೆ ಧಸಕ್ ಎನ್ನುವುದು ಸಹಜ. 18ರಿಂದ ಭಾಗಿಸಿದರೆ 118 ಎಂದರೆ ಸುಮಾರು 6.6. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ನಮ್ಮಲ್ಲಿ ಶೇಕಡಾ ಲೆಕ್ಕ, ಇಲ್ಲಿನ 6.5 ಎಂದರೆ ಬ್ರಿಟನ್ನಿನ ಲೆಕ್ಕದಲ್ಲಿ 48. ತೂಕದ ಅಳತೆಗೋಲೂ ಹಾಗೆಯೇ. ಪಾಶ್ಚಾತ್ಯ ತಾಣದಲ್ಲಿ ಬಿಎಂಐ 25ರವರೆಗೆ ಸರಿ ಎಂದಿದ್ದರೆ, ಭಾರತೀಯರಿಗೆ ವೈದ್ಯರು 23ಕ್ಕೇ ಎಚ್ಚರಿಸುತ್ತಾರೆ, ನಮ್ಮ ಮೈಯಲ್ಲಿ ಹೊಟ್ಟೆಯ ಸುತ್ತ ಕೊಬ್ಬು ಬೇಗ ಕೂಡುವ ಕಾರಣಕ್ಕೆ. ಆ ತಾಣ ಸುಳ್ಳು ಹೇಳುತ್ತಿಲ್ಲ, ಅದು ಬರೆದದ್ದು ತನ್ನ ಊರಿನ ಓದುಗರಿಗೆ.

ಎಲ್ಲಿ ನೋಡುವುದು

ಬಾಗಿಲುಗಳು ಹೆಚ್ಚು ಬೇಡ, ನಾಲ್ಕೈದು ಸಾಕು. ಕಾಯಿಲೆಯ ಸರಳ ವಿವರಣೆಗೆ ಬ್ರಿಟನ್ನಿನ ಎನ್‌ಎಚ್‌ಎಸ್ ತಾಣ. ವಾಕ್ಯ ಚಿಕ್ಕವು, ಪುಟದ ಕೊನೆಯಲ್ಲಿ ಯಾವಾಗ ಪರಿಶೀಲಿಸಿದ್ದು, ಮುಂದೆ ಯಾವಾಗ ಎಂಬ ಎರಡೂ ದಿನಾಂಕ ಇರುತ್ತವೆ. ಔಷಧ, ಲ್ಯಾಬ್ ಪರೀಕ್ಷೆಗಳಿಗೆ ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ 1998ರಿಂದ ನಡೆಸುತ್ತಿರುವ ಮೆಡ್‌ಲೈನ್ ಪ್ಲಸ್. ಗ್ರಂಥಾಲಯವೇ ಕಟ್ಟಿದ, ಜಾಹೀರಾತಿಲ್ಲದ ತಾಣ. ಊಟದ ಪ್ರಶ್ನೆಗೆ ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2024ರಲ್ಲಿ ಹೊಸದಾಗಿ ತಂದ ಭಾರತೀಯರ ಆಹಾರ ಮಾರ್ಗಸೂಚಿ. ರಾಗಿ, ಜೋಳ, ತೊಗರಿಬೇಳೆಯ ಲೆಕ್ಕ ಲಂಡನ್ನಿನ ಪುಟದಲ್ಲಿ ಸಿಗುವುದಿಲ್ಲ. ಕ್ಯಾನ್ಸರಿಗೆ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಪಿಡಿಕ್ಯೂ. ಒಂದೇ ವಿಷಯಕ್ಕೆ ರೋಗಿಗೊಂದು, ವೈದ್ಯರಿಗೊಂದು ಎಂದು ಎರಡು ಪಾಠ ಅಲ್ಲಿರುತ್ತವೆ. ತಪ್ಪಿ ವೈದ್ಯರ ಪಾಠಕ್ಕೆ ಹೋಗಿಬಿಟ್ಟರೆ ಬದುಕುಳಿಯುವ ಶೇಕಡಾವಾರು ಕೋಷ್ಟಕಗಳು ಎದುರಾಗುತ್ತವೆ. ಪರೇಲಿನಲ್ಲಿ 1941ರಿಂದ ಇರುವ ಟಾಟಾ ಸ್ಮಾರಕ ಆಸ್ಪತ್ರೆಗೆಂದು ಹುಬ್ಬಳ್ಳಿ, ಬೆಳಗಾವಿಯಿಂದ ಬಂದು ನೆಂಟರ ಮನೆಯಲ್ಲಿ ಉಳಿದವರು ವಾಚನಾಲಯಕ್ಕೂ ಬರುತ್ತಾರೆ. ಅವರು ಕೇಳದ ಹೊರತು ಆ ಕೋಷ್ಟಕವನ್ನು ಮುಂದಿಡಬೇಡಿ. ಕೇಳಿದರೆ, ಅದು ಸಾವಿರಾರು ಜನರ ಸರಾಸರಿ, ನಿಮ್ಮವರ ಹಣೆಬರಹವಲ್ಲ ಎಂಬ ಮಾತು ಸೇರಿಸಿಯೇ ಕೊಡಿ.

ಒಂದು ತಾಣದೊಳಗೇ ಹುಡುಕುವ ಕ್ರಮ ಕಲಿಸಿಕೊಟ್ಟರೆ ಓದುಗರಿಗೆ ಜೀವಮಾನದ ಉಪಯೋಗ. ಗೂಗಲ್‌ನ ಪೆಟ್ಟಿಗೆಯಲ್ಲಿ ಇಂಗ್ಲಿಷ್‌ನಲ್ಲಿ ಸೈಟ್ ಎಂದು ಬರೆದು, ಕೋಲನ್ ಹಾಕಿ, ಜಾಗ ಬಿಡದೆ ತಾಣದ ವಿಳಾಸ, ಆಮೇಲೆ ಒಂದು ಜಾಗ ಬಿಟ್ಟು ಕಾಯಿಲೆಯ ಹೆಸರು (site:nhs.uk shingles ಎಂಬಂತೆ). ವಿಳಾಸದ ಜಾಗದಲ್ಲಿ ಗವ್ ಡಾಟ್ ಇನ್ ಎಂದಷ್ಟೇ ಹಾಕಿದರೆ ಭಾರತ ಸರ್ಕಾರದ ಮತ್ತು ರಾಜ್ಯ ಸರ್ಕಾರಗಳ ಪುಟಗಳು ಮಾತ್ರ ಬರುತ್ತವೆ. ಕೋಲನ್ ಹಾಕಿದ ಕೂಡಲೇ ಜಾಗ ಬಿಟ್ಟರೆ ಈ ಸೂತ್ರ ಕೆಲಸ ಮಾಡುವುದಿಲ್ಲ, ಹೆಚ್ಚಿನವರು ಎಡವುವುದು ಅಲ್ಲಿ. ಡಾಟ್ ಆರ್ಗ್ ಎಂಬ ಬಾಲ ನೋಡಿ ಸೇವಾಸಂಸ್ಥೆ ಎಂದು ನಂಬುವುದು ಬೇಡ, ಅದನ್ನು ದುಡ್ಡು ಕೊಟ್ಟು ಯಾರು ಬೇಕಾದರೂ ಕೊಳ್ಳಬಹುದು.

ಕನ್ನಡದಲ್ಲಿ ಹುಡುಕುವಾಗ ರಾಜ್ಯದ ಗಡಿಯನ್ನೂ ನೆನಪಿಡಬೇಕು. ಚಿಕಿತ್ಸೆಗೆ ಸರ್ಕಾರದ ನೆರವು ಎಂದು ಕನ್ನಡದಲ್ಲಿ ಕೇಳಿದರೆ ಯಶಸ್ವಿನಿ, ಆರೋಗ್ಯ ಕರ್ನಾಟಕ ಎಂದು ಉತ್ತರ ಬರುತ್ತದೆ. ಮಹಾರಾಷ್ಟ್ರದ ರೇಷನ್ ಕಾರ್ಡ್ ಇರುವವರಿಗೆ ಬೇಕಾದದ್ದು ಮಹಾತ್ಮ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆ. ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ ಆರೋಗ್ಯಮಿತ್ರ ಎಂಬ ಸಿಬ್ಬಂದಿ ಕೂತಿರುತ್ತಾರೆ, ಕಾಗದಪತ್ರ ಅವರ ಬಳಿಯೇ ಕೇಳಬೇಕು. 70 ತುಂಬಿದವರಿಗೆ ವರಮಾನದ ಮಿತಿಯಿಲ್ಲದೆ 5 ಲಕ್ಷದ ಆಯುಷ್ಮಾನ್ ರಕ್ಷಣೆ 2024ರ ಅಕ್ಟೋಬರಿನಿಂದ ಕೇಂದ್ರದ್ದೇ ಇದೆ.

ಮಳೆಗಾಲದ ಮುಂಬಯಿಗೆ ಹೆಸರಿನ ಪಾಠ ಮತ್ತೊಮ್ಮೆ ಎದುರಾಗುತ್ತದೆ. 2005ರ ಜುಲೈ ನೆರೆಯ ನಂತರ ಇಲ್ಲಿ ಲೆಪ್ಟೊಸ್ಪೈರೋಸಿಸ್ ಹಬ್ಬಿತ್ತು. ಪಾಲಿಕೆಯವರೂ ಮರಾಠಿ ಪತ್ರಿಕೆಗಳೂ ಲೆಪ್ಟೊ ಎನ್ನುತ್ತವೆ, ಕನ್ನಡ ಪತ್ರಿಕೆಗಳಲ್ಲಿ ಅದು ಇಲಿ ಜ್ವರ. ಹಿಂದ್‌ಮಾತಾದಲ್ಲೋ ಮಿಲನ್ ಸಬ್‌ವೇಯಲ್ಲೋ ಮೊಣಕಾಲುದ್ದ ನೀರಿನಲ್ಲಿ ನಡೆದವರು, ಅದರಲ್ಲೂ ಕಾಲಿಗೆ ಗಾಯವಿದ್ದವರು, 72 ಗಂಟೆಯೊಳಗೆ ವೈದ್ಯರ ಸಲಹೆಯಂತೆ ಮುಂಜಾಗ್ರತೆಯ ಔಷಧ ತೆಗೆದುಕೊಳ್ಳಬೇಕೆಂದು ಪಾಲಿಕೆ ಮಳೆಗಾಲದಲ್ಲಿ ಹೇಳುತ್ತದೆ. ಸಾಮಾನ್ಯವಾಗಿ ಕೊಡುವ ಡಾಕ್ಸಿಸೈಕ್ಲಿನ್ ಬಸುರಿಯರಿಗೂ ಚಿಕ್ಕ ಮಕ್ಕಳಿಗೂ ಆಗುವುದಿಲ್ಲ, ಅವರಿಗೆ ಬೇರೆ ಔಷಧ. ಅದಕ್ಕೇ ವಾಚನಾಲಯದಿಂದ ಮಾತ್ರೆಯ ಹೆಸರಲ್ಲ, ದವಾಖಾನೆಯ ವಿಳಾಸ ಕೊಡಬೇಕು. ಹತ್ತಿರದ್ದು ಯಾವುದೆಂದು ಪಾಲಿಕೆಯ 1916ಕ್ಕೆ ಕೇಳಬಹುದು.

ಪುಟವನ್ನು ಅಳೆಯಲು ಪುಟದಿಂದ ಹೊರಗೆ ಬನ್ನಿ

2017ರಲ್ಲಿ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ ಒಂದು ಪ್ರಯೋಗದ ಫಲಿತಾಂಶ ಹೊರತಂದರು. 10 ಇತಿಹಾಸಕಾರರು, ವೃತ್ತಿಯಿಂದ ಸುದ್ದಿಯ ನಿಜ ಸುಳ್ಳು ಪರಿಶೀಲಿಸುವ 10 ಜನ, 25 ವಿದ್ಯಾರ್ಥಿಗಳು. ತೋರಿಸಿದ ತಾಣಗಳಲ್ಲಿ ಅಮೆರಿಕದ ಮಕ್ಕಳ ವೈದ್ಯರ ಎರಡು ಸಂಸ್ಥೆಗಳದ್ದೂ ಇದ್ದವು. ಒಂದು 1930ರಿಂದ ಇರುವ ದೊಡ್ಡ ವೃತ್ತಿಸಂಸ್ಥೆ, ಇನ್ನೊಂದು 2002ರಲ್ಲಿ ಅದರಿಂದ ಸಿಡಿದು ಹೋದ ಸಣ್ಣ ಗುಂಪು. ಹೆಸರು, ಬಣ್ಣ, ಭಾಷೆ ನೋಡಿದರೆ ಎರಡೂ ಗಂಭೀರ. ಪುಟವನ್ನು ಮೇಲಿಂದ ಕೆಳಗೆ ಶ್ರದ್ಧೆಯಿಂದ ಓದಿದ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ತಪ್ಪಿದರು. ಪರಿಶೀಲಕರು ಕೆಲವೇ ಕ್ಷಣದಲ್ಲಿ ಪುಟ ಬಿಟ್ಟು, ಪಕ್ಕದಲ್ಲಿ ಹೊಸ ಕಿಟಕಿ ತೆರೆದು, ಈ ಸಂಸ್ಥೆಯ ಬಗ್ಗೆ ಬೇರೆಯವರು ಏನೆನ್ನುತ್ತಾರೆ ಎಂದು ನೋಡಿದರು, ಬೇಗ ಸರಿಯಾದ ಉತ್ತರಕ್ಕೆ ಬಂದರು. ಮದುವೆ ಸಂಬಂಧ ಬಂದಾಗ ಹುಡುಗನ ಮನೆಯವರನ್ನೇ ಕೇಳದೆ ಅವರ ಓಣಿಯಲ್ಲಿ ವಿಚಾರಿಸುವ ನಮ್ಮ ಹಳೆಯ ಕ್ರಮವೇ ಇದು.

ಪುಟದೊಳಗಿನ ಗುರುತುಗಳನ್ನು ನಂಬಿ ಕೂತರೆ ಏನಾಗುತ್ತದೆ ಎಂಬುದಕ್ಕೆ ಹಾನ್‌ಕೋಡ್ ಉದಾಹರಣೆ. ಜಿನೀವಾದ ಹೆಲ್ತ್ ಆನ್ ದ ನೆಟ್ ಪ್ರತಿಷ್ಠಾನ 1995ರಿಂದ ನಡೆದು, ಒಳ್ಳೆಯ ಆರೋಗ್ಯ ತಾಣಗಳಿಗೆ ಒಂದು ಮುದ್ರೆ ಕೊಡುತ್ತಿತ್ತು. ಗ್ರಂಥಪಾಲಕರ ಹಳೆಯ ಕೈಪಿಡಿಗಳೆಲ್ಲ ಅದನ್ನು ನೋಡಿ ಎನ್ನುತ್ತವೆ. 2022ರ ಡಿಸೆಂಬರಿನಲ್ಲಿ ಆ ಸಂಸ್ಥೆ ಬಾಗಿಲು ಹಾಕಿತು. ಈಗ ಯಾವುದೇ ಪುಟದಲ್ಲಿ ಆ ಮುದ್ರೆ ಕಂಡರೆ ಅದರ ಹಿಂದೆ ಪರಿಶೀಲಿಸುವವರು ಯಾರೂ ಇಲ್ಲ ಎಂದು ತಿಳಿಯಬೇಕು.

ತಕ್ಷಣ ಕೈಬಿಡಬೇಕಾದ ಪುಟಗಳನ್ನು ಗುರುತಿಸಲು ನಮ್ಮ ಕಾನೂನೇ ಒಂದು ಜರಡಿ ಕೊಟ್ಟಿದೆ. ಔಷಧ ಮತ್ತು ಮಾಂತ್ರಿಕ ಚಿಕಿತ್ಸೆಗಳ ಆಕ್ಷೇಪಾರ್ಹ ಜಾಹೀರಾತು ಕಾಯಿದೆ 1954ರದ್ದು. ಅದರ ಅನುಸೂಚಿಯಲ್ಲಿ 54 ಕಾಯಿಲೆಗಳಿವೆ: ಸಕ್ಕರೆ ಕಾಯಿಲೆ, ಕ್ಯಾನ್ಸರ್, ರಕ್ತದೊತ್ತಡ, ಲಕ್ವ, ಬೊಜ್ಜು, ಮೂರ್ಛೆ ಇತ್ಯಾದಿ. ಇವನ್ನು ಗುಣಪಡಿಸುತ್ತೇವೆ ಎಂದು ಔಷಧದ ಜಾಹೀರಾತು ಕೊಡುವುದೇ ಅಪರಾಧ. ಲೋಕಲ್ ರೈಲಿನ ಡಬ್ಬಿಯ ಗೋಡೆಗೆ ಅಂಟಿದ ಚೀಟಿಗೂ, ಯೂಟ್ಯೂಬಿನಲ್ಲಿ ಶುಗರ್ ಬುಡಸಮೇತ ಹೋಗುತ್ತದೆ ಎಂದು ಹೇಳಿ ಕೆಳಗೆ ಪುಡಿಯ ಡಬ್ಬಿ ಮಾರುವವರಿಗೂ ಕಾನೂನು ಒಂದೇ. ಔಷಧವನ್ನು ವಿವರಿಸುವ ಪುಟವೇ ಅದನ್ನು ಮಾರುತ್ತಿದ್ದರೆ ಅಲ್ಲಿಗೆ ಓದು ನಿಲ್ಲಿಸಬಹುದು.

ಹಾಗೆ ಮಾರದ, ಸದುದ್ದೇಶದ ಪುಟಗಳನ್ನು ತೂಗುವುದು ಕಷ್ಟದ ಕೆಲಸ. ಆಕ್ಸ್‌ಫರ್ಡಿನಲ್ಲಿ ರೂಪುಗೊಂಡ ಡಿಸರ್ನ್ ಎಂಬ 16 ಪ್ರಶ್ನೆಗಳ ಪಟ್ಟಿ ಇದಕ್ಕೆಂದೇ ಇದೆ. ಕೌಂಟರಿನಲ್ಲಿ ಹದಿನಾರನ್ನೂ ಕೇಳಲು ಹೊತ್ತಿರುವುದಿಲ್ಲ. ಒಂದನ್ನೇ ಆರಿಸಿಕೊಳ್ಳುವುದಾದರೆ ಇದನ್ನು: ಚಿಕಿತ್ಸೆ ತೆಗೆದುಕೊಳ್ಳದೆ ಬಿಟ್ಟರೆ ಏನಾಗುತ್ತದೆ ಎಂದು ಪುಟ ಹೇಳುತ್ತದೆಯೇ? ಕಾಮಾಲೆಗೆ ಹಿಂತಿರುಗಿ ನೋಡಿದರೆ ಈ ಪ್ರಶ್ನೆಯ ಬಲ ಗೊತ್ತಾಗುತ್ತದೆ. ಹೆಪಟೈಟಿಸ್ ಎ ಬಹುತೇಕರಲ್ಲಿ ವಿಶ್ರಾಂತಿಯಿಂದಲೇ ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ಆ ವಾರಗಳಲ್ಲಿ ನೆಲನೆಲ್ಲಿ ರಸ ಕುಡಿದವರಿಗೆ ಅದೇ ಗುಣ ಮಾಡಿತೆಂದು ಅನಿಸುತ್ತದೆ, ಅವರು ಪ್ರಾಮಾಣಿಕವಾಗಿಯೇ ಹತ್ತು ಜನಕ್ಕೆ ಹೇಳುತ್ತಾರೆ. ಅದೇ ರಸವನ್ನು ನಂಬಿ ಹೆಪಟೈಟಿಸ್ ಬಿ ಇರುವವರು ಆಸ್ಪತ್ರೆ ತಪ್ಪಿಸಿದರೆ ವರ್ಷಗಳ ಮೇಲೆ ಪಿತ್ತಜನಕಾಂಗವೇ ಕೆಡಬಹುದು. ನೆಲನೆಲ್ಲಿ ಜಾತಿಯ ಗಿಡಗಳು ದೀರ್ಘಕಾಲದ ಹೆಪಟೈಟಿಸ್ ಬಿಗೆ ಉಪಯೋಗವೇ ಎಂದು ಕಾಕ್ರೇನ್ ಸಂಸ್ಥೆ 2011ರಲ್ಲಿ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ ನಂಬುವಂಥ ಪುರಾವೆ ಸಿಗಲಿಲ್ಲ. ಇಂಥ ಸಮೀಕ್ಷೆಗಳ ಸರಳ ಭಾಷೆಯ ಸಾರಾಂಶ ಕಾಕ್ರೇನ್ ತಾಣದಲ್ಲಿ ಎಲ್ಲರಿಗೂ ಉಚಿತ. ಊರಮದ್ದಿನ ಬಗ್ಗೆ ಕೇಳುವವರನ್ನು ಹೀಗಳೆಯದೆ, ಈ ಸಾರಾಂಶವನ್ನು ಅವರ ಜೊತೆ ಕೂತು ಓದುವುದು ಫಲ ಕೊಡುತ್ತದೆ.

ಅನುವಾದದ ಗುಂಡಿ

ಪುಟ ಇಂಗ್ಲಿಷಿನಲ್ಲಿದೆ, ಓದುಗರಿಗೆ ಕನ್ನಡ ಬೇಕು. ಯಂತ್ರಾನುವಾದದ ಗುಂಡಿ ಒತ್ತುವುದು ಸಹಜ, ಒತ್ತಲೂಬಹುದು, ಆದರೆ ಕೆಲವು ಪದಗಳ ಮೇಲೆ ಬೆರಳಿಟ್ಟು ನೋಡಬೇಕು. ನೆಗೆಟಿವ್ ಎಂಬುದು ನಕಾರಾತ್ಮಕ ಎಂದಾಗುತ್ತದೆ. ಕನ್ನಡದ ಕಿವಿಗೆ ನಕಾರಾತ್ಮಕ ಎಂದರೆ ಕೆಟ್ಟದ್ದು, ಪರೀಕ್ಷೆಯಲ್ಲಿ ನೆಗೆಟಿವ್ ಎಂದರೆ ಹುಡುಕಿದ ರೋಗದ ಗುರುತು ಸಿಗಲಿಲ್ಲ ಎಂದು. ಸ್ಕ್ಯಾನ್ ರಿಪೋರ್ಟಿನ ಅನ್‌ರಿಮಾರ್ಕಬಲ್ ಎಂಬ ಪದ ಗಮನಾರ್ಹವಲ್ಲ ಎಂದು ಬಂದರೆ, ಡಾಕ್ಟರು ಗಮನಿಸಲೇ ಇಲ್ಲವೇನೋ ಎಂದು ಓದುಗರು ಸಂಶಯಪಡುತ್ತಾರೆ. ಅದರ ಅರ್ಥ ಎಲ್ಲ ಸರಿಯಾಗಿದೆ ಎಂದು. ಡ್ರಗ್ ಎಂಬುದು ಮಾದಕ ದ್ರವ್ಯವಾಗಬಹುದು. ನಾಟ್ ಎಂಬ ಮೂರಕ್ಷರ ಉದ್ದ ವಾಕ್ಯದಲ್ಲಿ ಕಳೆದುಹೋದರೆ ತೆಗೆದುಕೊಳ್ಳಬಾರದು ಎಂಬುದು ತೆಗೆದುಕೊಳ್ಳಬೇಕು ಎಂದಾಗುವ ಅಪಾಯವೂ ಇದೆ. ಅಂಕಿ, ಗಂಟೆ, ಬೇಡ ಎನ್ನುವ ಮಾತು, ಈ ಮೂರನ್ನು ಮೂಲದ ಜೊತೆ ಇಟ್ಟು ನೋಡದೆ ಕನ್ನಡ ಪ್ರತಿಯನ್ನು ಕೈಗೆ ಕೊಡಬೇಡಿ. ಸಂಶಯ ಬಂದ ವಾಕ್ಯವನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸಿದರೆ ಎಲ್ಲಿ ಜಾರಿತೆಂದು ಗೊತ್ತಾಗುತ್ತದೆ.

ಚಾಟ್‌ಬಾಟ್‌ಗಳ ಬಗ್ಗೆ ಹೆಚ್ಚು ಬೇಕಿಲ್ಲ. ಕಾಯಿಲೆಯ ಸರಿಯಾದ ಹೆಸರು ಕಂಡುಕೊಳ್ಳಲು, ಕಷ್ಟದ ಪ್ಯಾರಾ ಬಿಡಿಸಿಕೊಳ್ಳಲು ಅವು ನೆರವಾಗುತ್ತವೆ. ಆದರೆ ಇಲ್ಲದ ಅಧ್ಯಯನವನ್ನು ಇದೆಯೆಂದು ಹೇಳುವುದೂ ಅವುಗಳ ಅಭ್ಯಾಸ. ಅವು ಹೆಸರಿಸಿದ ಪ್ರಬಂಧದ ಶೀರ್ಷಿಕೆಯನ್ನು ವೈದ್ಯಕೀಯ ಪ್ರಬಂಧಗಳ ಉಚಿತ ಆನ್‌ಲೈನ್ ಸೂಚಿಯಾದ ಪಬ್‌ಮೆಡ್‌ನಲ್ಲಿ ಹಾಕಿ, ಅಲ್ಲಿ ಸಿಗದಿದ್ದರೆ ಆ ಮಾತನ್ನು ಬಿಡಿ. ಸಿಕ್ಕರೆ, ಅದನ್ನು ಹಿಂತೆಗೆದುಕೊಂಡಿದ್ದಾರೆಯೇ ಎಂದು ಮೇಲ್ಭಾಗದಲ್ಲಿ ನೋಡಿ. ಲಸಿಕೆಗೂ ಆಟಿಸಂಗೂ ನಂಟು ಕಟ್ಟಿದ 1998ರ ಲ್ಯಾನ್ಸೆಟ್ ಪ್ರಬಂಧವನ್ನು 2010ರಲ್ಲಿ ಹಿಂತೆಗೆದುಕೊಂಡರೂ ವಾಟ್ಸಾಪಿನಲ್ಲಿ ಅದರ ಮಾತು ಇಂದಿಗೂ ಓಡಾಡುತ್ತಿದೆ.

ಕೊನೆಗೆ ಓದುಗರ ಕೈಗೆ ಹೋಗುವುದು ಎರಡು ಪುಟ ಮೀರದಿರಲಿ. ಮೇಲೆ ಕಾಯಿಲೆಯ ಹೆಸರು ಕನ್ನಡದಲ್ಲೂ, ಚೀಟಿಯಲ್ಲಿದ್ದಂತೆ ಇಂಗ್ಲಿಷಿನಲ್ಲೂ. ಕೆಳಗೆ ತಾಣದ ಹೆಸರು, ಆ ಪುಟ ಪರಿಶೀಲನೆಯಾದ ದಿನ, ಪ್ರಿಂಟ್ ತೆಗೆದ ದಿನ. ನಡುವೆ ಒಂದಿಷ್ಟು ಖಾಲಿ ಜಾಗ, ಡಾಕ್ಟರನ್ನು ಕೇಳಬೇಕಾದದ್ದನ್ನು ಓದುಗರೇ ಬರೆದುಕೊಳ್ಳಲು. ಪಾಲಿಕೆಯ ಒಪಿಡಿಯಲ್ಲಿ ಸಿಗುವುದು ಕೆಲವೇ ನಿಮಿಷ, ಬರೆದುಕೊಂಡು ಹೋದವರ ಪ್ರಶ್ನೆಗೆ ಉತ್ತರ ಸಿಗುವ ಸಂಭವ ಹೆಚ್ಚು. ಈ ಅಂಕಿ ಜಾಸ್ತಿಯಾ ಎಂದು ಕೌಂಟರಿನಲ್ಲಿ ಕೇಳಿದರೆ, ಲ್ಯಾಬ್ ಕಾಗದದ ಬಲಬದಿಯಲ್ಲಿ ಅಚ್ಚಾದ ಸಾಮಾನ್ಯ ಮಿತಿಯನ್ನು ತೋರಿಸುವವರೆಗೆ ನಮ್ಮ ಕೆಲಸ. ಅದರಾಚೆಗೆ ಒಂದು ಅಕ್ಷರವೂ ಬೇಡ, ಮಾತ್ರೆ ನಿಲ್ಲಿಸಿ ಅಥವಾ ಬದಲಿಸಿ ಎಂಬ ಮಾತಂತೂ ಬೇಡವೇ ಬೇಡ.

ಇವೆಲ್ಲಕ್ಕೂ ಆಧಾರವಾಗಿ ಪ್ರತಿ ವಾಚನಾಲಯದಲ್ಲಿ ಒಂದು ಹೆಸರಿನ ಪುಸ್ತಕ ಇರಬೇಕು. ಇನ್ನೂರು ಪುಟದ ರೂಲ್ ಹಾಕಿದ ನೋಟ್‌ಬುಕ್ ಸಾಕು. ಅಡ್ಡಕ್ಕೆ ಐದು ಕಲಂ: ಮನೆಯಲ್ಲಿ ಹೇಳುವ ಹೆಸರು, ಮರಾಠಿ ಅಥವಾ ಹಿಂದಿ ಹೆಸರು, ಚೀಟಿಯ ಇಂಗ್ಲಿಷ್ ಹೆಸರು, ತಾಣದಲ್ಲಿ ಹುಡುಕಬೇಕಾದ ಹೆಸರು, ಗಡಿಯಾರ. ಮೊದಲ ಕಲಮನ್ನು ಪುಸ್ತಕದ ಭಾಷೆಗೆ ತಿದ್ದಬಾರದು, ಕಾಮಣಿ ಎಂದವರಿಗೆ ಕಾಮಣಿ ಎಂದೇ ಇರಲಿ, ತುಳುವಿನಲ್ಲಿ ಹೇಳಿದರೆ ತುಳುವಿನಲ್ಲೇ. ಓದುಗರ ಹೆಸರು ಯಾವ ಸಾಲಿನಲ್ಲೂ ಬರಕೂಡದು. ಸಂಘದ ಸದಸ್ಯರಲ್ಲಿ ಡಾಕ್ಟರು, ನರ್ಸು, ಔಷಧಂಗಡಿಯವರು ಇದ್ದೇ ಇರುತ್ತಾರೆ, ಆರು ತಿಂಗಳಿಗೊಮ್ಮೆ ಅವರಲ್ಲಿ ಇಬ್ಬರು ಕೂತು ಸಾಲು ಸಾಲಾಗಿ ನೋಡಿ ಸಹಿ ಹಾಕಲಿ, ತಪ್ಪಿದ್ದನ್ನು ಅಳಿಸದೆ ಗೆರೆ ಎಳೆದು ಪಕ್ಕದಲ್ಲಿ ಬರೆಯಲಿ. ಮೊದಲ ಸಾಲು ಹೀಗೆ: ಸರ್ಪಸುತ್ತು, ನಾಗೀಣ, ಹರ್ಪಿಸ್ ಜೋಸ್ಟರ್, ಶಿಂಗಲ್ಸ್, 72 ಗಂಟೆ, ಹಣೆ ಮೂಗಿನ ಮೇಲಿದ್ದರೆ ಇವತ್ತೇ.